ಸೂಳೆಕೆರೆ ದಂಡೆಯ ಎರಡೆಕರೆ ಮರದ ಜಾಗ: ನಾನು ನೋಡಿಕೊಳ್ಳುವ ಬಗೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ದಂಡೆಯ ಮೇಲಿನ ಎರಡೆಕರೆ. ಮನೆ ಸುತ್ತ ಬೇವು, ಹೊಂಗೆ, ಹುಣಸೆ, ತೇಗ. ನೀರಿನ ಕಡೆಗೆ ನೇರಳೆ, ತೊರೆಮತ್ತಿ. ಮರಗಳು ತಮ್ಮ ಪಾಡಿಗೆ ಬೆಳೆಯುತ್ತವೆ. ದುಡಿಮೆಯೆಲ್ಲ ಅವುಗಳ ಕೆಳಗೆ, ಲಂಟಾನ ಮತ್ತು ಬಳ್ಳಾರಿ ಜಾಲಿ ಎಂಬ ಕಳೆಗಿಡಗಳ ಜೊತೆ.

ಲಂಟಾನವನ್ನು ಮಚ್ಚಿನಲ್ಲಿ ಸವರಿದರೆ ಒಂದೇ ಮಳೆಗೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಚಿಗುರು ಬರುವುದು ಕಾಂಡ ಬೇರಿಗೆ ಸೇರುವ ಗಂಟಿನಿಂದ. ಮಣ್ಣಿನೊಳಗೆ ಎರಡು ಮೂರು ಇಂಚು ಆಳದಲ್ಲಿ, ಆ ಗಂಟಿನ ಕೆಳಗೆ, ತಾಯಿಬೇರನ್ನು ಪಿಕಾಸಿಯಿಂದ ಕಡಿಯುತ್ತೇನೆ. ಆಮೇಲೆ ಪೊದೆಯನ್ನು ಬುಡ ಮೇಲಾಗಿ ನಿಲ್ಲಿಸಿ ಒಣಗಲು ಬಿಡುವುದು. ಗಂಟು ಹಸಿ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ. ಆರಿದ್ರಾ ಮಳೆಯ ಹದ ಇದಕ್ಕೆ ಸರಿಯಾದ ಕಾಲ. ಬೇಸಿಗೆಯ ಗಟ್ಟಿ ನೆಲದಲ್ಲಿ ಕಾಂಡ ಮುರಿದು ಗಂಟು ಒಳಗೇ ಉಳಿಯುತ್ತದೆ, ಕೂಲಿ ದಂಡ. ಹಣ್ಣು ತಿಂದ ಹಕ್ಕಿಗಳು ಕೂರುವ ಮರದಡಿ ಸಸಿಗಳು ಏಳುತ್ತಲೇ ಇರುತ್ತವೆ. ಸ್ವಾತಿ ಮಳೆ ಹೊತ್ತಿಗೆ ಅವನ್ನು ಕೈಯಲ್ಲೇ ಕೀಳಬಹುದು. ಮೂರು ವರ್ಷ ಬಿಡದೆ ಕಿತ್ತ ಮೇಲೆಯೇ ನೆಲಕ್ಕೆ ಹುಲ್ಲು ಬರುವುದು.

ಬಳ್ಳಾರಿ ಜಾಲಿಯದು ಇನ್ನೂ ಹಟ. ಬುಡದ ಸುತ್ತ ಒಂದಡಿ ಅಗೆದು, ಮೊಗ್ಗುಗಳಿರುವ ದಪ್ಪ ಭಾಗ ಪೂರ್ತಿ ಹೊರಬರುವಂತೆ ಬೇರು ಕಡಿಯಬೇಕು. ಮಣ್ಣು ಮೆತ್ತಿದ ಬೇರಿಗೆ ಚೈನ್ ಸಾ ಹಚ್ಚಬೇಡಿ, ಹಲ್ಲು ಕ್ಷಣದಲ್ಲಿ ಮೊಂಡಾಗುತ್ತದೆ. ಅಲ್ಲಿ ಕೊಡಲಿಯೇ ಸರಿ. ಕುರಿ, ಮೇಕೆ ಇದರ ಕಾಯಿ ತಿಂದರೂ ಬೀಜವೆಲ್ಲ ಸಾಯುವುದಿಲ್ಲ, ಕೆಲವು ಹಿಕ್ಕೆಯಲ್ಲಿ ಹಾಗೇ ಬರುತ್ತವೆ. ಹೀಗಾಗಿ ಕುರಿ ಗೊಬ್ಬರ ತರಿಸಿದರೆ ಒಂದು ಮಳೆಗಾಲ ಗುಂಡಿಯಲ್ಲಿ ಹಾಕಿ, ಮೊಳೆತ ಸಸಿ ಕಿತ್ತು, ಆಮೇಲೆ ಬಳಸುತ್ತೇನೆ.

ಮನೆ ಮೇಲೆ ಬಾಗಿದ ಕೊಂಬೆಗಳನ್ನು ತೆಗೆಯುವುದು ಜನವರಿ, ಫೆಬ್ರುವರಿಯಲ್ಲಿ. ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಕೊಂಬೆಯ ದಪ್ಪದ ಮೂರನೇ ಒಂದು ಭಾಗ ಕೊಯ್ಯಬೇಕು. ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ಬೀಳುತ್ತದೆ, ತೊಗಟೆ ಸಿಗಿದು ಬರುವುದಿಲ್ಲ. ಉಳಿದ ಮೋಟನ್ನು ಬುಡದ ಉಬ್ಬಿದ ಉಂಗುರದ ಹೊರಗೆ ಕೊಯ್ದುಬಿಡಿ. ಉಂಗುರ ಕತ್ತರಿಸಿದರೆ ಗಾಯ ಮುಚ್ಚದು. ನೀರಿಳಿದು ಕೊಳೆತು ಗೆದ್ದಲು ಹತ್ತುತ್ತದೆ. ಗಾಯಕ್ಕೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಹಚ್ಚುತ್ತೇನೆ. ನಮ್ಮ ಅಡಿಕೆ ಸೀಮೆಯಲ್ಲಿ ಇದು ಹೊಸದಲ್ಲ: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿಗೆ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿಗೆ, ಎರಡೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಮೈಲುತುತ್ತದ ನೀರನ್ನು ಸುಣ್ಣಕ್ಕೆ ಸುರಿದು ಕಲಕಿ, ಕುಡುಗೋಲಿನ ತುದಿ ಒಂದು ನಿಮಿಷ ಅದ್ದಿ ನೋಡಿ. ಕೆಂಪು ಹತ್ತಿದರೆ ಸುಣ್ಣ ಸಾಲದು. ಅವತ್ತು ಕಲಸಿದ್ದು ಅವತ್ತೇ ಮುಗಿಯಬೇಕು.

ಬೇವು, ತೇಗದಂಥ ಮರ ಕಡಿಯುವ ಮಾತು ಬಂದರೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಮೀನಿನ ಮರಗಳಿಗೂ ಅನ್ವಯಿಸುತ್ತದೆ.

ಡಿಸೆಂಬರ್ ಕೊನೆಗೆ ಕೆರೆ ಬದಿ ಬಿಟ್ಟು ಉಳಿದ ಕಡೆ ಬೇಲಿಯ ಒಳಗೆ 12 ಅಡಿ ಅಗಲ ಹುಲ್ಲು ಕೆತ್ತಿ ಬರಿನೆಲ ಮಾಡುತ್ತೇನೆ. ಮಾರ್ಚ್‌ನಲ್ಲಿ ಬೆಂಕಿ ಹತ್ತಲು ಒಂದು ಬೀಡಿ ತುಂಡು ಸಾಕು. ನೀರು ಹಿಂದೆ ಸರಿದಾಗ ಕೆರೆ ಅಂಗಳದಲ್ಲಿ ಬೆಳೆದ ಹುಲ್ಲು ಒಣಗಿ ಬೆಂಕಿ ಆ ಕಡೆಯಿಂದಲೂ ಬರಬಹುದು. ಆದರೂ ಅಲ್ಲಿ ನೆಲ ಕೆತ್ತುವುದಿಲ್ಲ, ಕೆತ್ತಿದರೆ ಮಣ್ಣು ಕೊಚ್ಚಿ ಕೆರೆಗೇ ಹೋಗುತ್ತದೆ. ಹುಲ್ಲನ್ನು ಅರ್ಧ ಅಡಿ ಉಳಿಸಿ ಕೊಯ್ದು ದನಕ್ಕೆ ಹಾಕುತ್ತೇವೆ. ಆ ಬದಿಗೆ ಬೇವು, ತೇಗ ನೆಡಬೇಡಿ, ಬೇರಿಗೆ ನೀರು ನಿಂತರೆ ಸಾಯುತ್ತವೆ. ತೊರೆಮತ್ತಿ, ನೇರಳೆ, ಹೊಂಗೆ ತಾಳುತ್ತವೆ.

ಕಡಿದ ಸೌದೆಯನ್ನು ಗೋಡೆಗೆ ಒರಗಿಸದೆ, ಮನೆಯಿಂದ 30 ಅಡಿ ದೂರ, ಕಲ್ಲಿನ ಮೇಲೆ ಒಟ್ಟಿ. ಮಳೆಗಾಲದಲ್ಲಿ ಅಲ್ಲಿಂದ ಕಟ್ಟಿಗೆ ಎಳೆಯುವ ಮುಂಚೆ ಕೋಲಿನಿಂದ ಬಡಿಯಿರಿ, ಹಾವು ಇರುತ್ತವೆ.