ಬಾಲದಿಂದ ಓದಿದ ‘ಹೈಪೋ’

ವಾರ್ಡಿನ ಫೋನು ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಲ್ಯಾಬ್‌ನವರು ಆರನೇ ಹಾಸಿಗೆಯ ಅಜ್ಜಿಯ ವರದಿಯನ್ನು ಒಂದೇ ಮಾತಿನಲ್ಲಿ ಹೇಳಿದರು: ‘ಹೈಪೋಕಲೀಮಿಯಾ’. ನಾನು ಕೇಸ್‌ಶೀಟ್‌ನಲ್ಲಿ ಬರೆದದ್ದು ‘ಹೈಪರ್‌ಕಲೀಮಿಯಾ’. ಡ್ಯೂಟಿ ಡಾಕ್ಟರು ಅದನ್ನು ನೋಡಿ, “ಎಷ್ಟು ಬಂದಿದೆ ಸಿಸ್ಟರ್?” ಎಂದರು. ನಾನು ಸಂಖ್ಯೆಯನ್ನೇ ಕೇಳಿಕೊಂಡಿರಲಿಲ್ಲ. ಅವರೇ ಲ್ಯಾಬ್‌ಗೆ ಫೋನು ಮಾಡಿದರು. 2.9 ಎಂದು ಉತ್ತರ ಬಂತು.

ರಕ್ತದ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು. ಇಳಿದರೆ ಹೈಪೋಕಲೀಮಿಯಾ, ಏರಿದರೆ ಹೈಪರ್‌ಕಲೀಮಿಯಾ. ಇಳಿದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ತಪ್ಪುತ್ತದೆ, ಪೊಟ್ಯಾಸಿಯಂ ಕೊಡಬೇಕು. ಏರಿದವರಿಗೆ ಅದನ್ನೇ ಕೊಟ್ಟರೆ ಹೃದಯ ನಿಂತೇ ಹೋಗಬಹುದು. ಅಜ್ಜಿಗೆ ಆ ರಾತ್ರಿ ಸರಿಯಾದ ಔಷಧವೇ ಸಿಕ್ಕಿತು. ನನಗೆ ಮಾತ್ರ ಬೆಳಗಿನವರೆಗೆ ಕೈ ನಡುಕ ನಿಲ್ಲಲಿಲ್ಲ.

ಜಗಳೂರು ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ, ದಾವಣಗೆರೆಗೆ ಬಂದು ನರ್ಸಿಂಗ್ ಸೇರಿದವಳು ನಾನು. ವೈದ್ಯಕೀಯ ಪದಗಳನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡೇ ಪಾಸಾಗಿದ್ದೆ. ಮಗ್ಗಿಯಲ್ಲಿ ಒಂದು ಸಾಲು ಜಾರಿದರೆ ಮುಂದಿನ ಸಾಲು ಎಚ್ಚರಿಸುತ್ತದೆ. ಈ ಪದಗಳಿಗೆ ಅಂಥ ಕಾವಲಿರಲಿಲ್ಲ. ಮರುವಾರ ಇನ್ನೂರು ಪುಟದ ನೋಟ್‌ಬುಕ್ ತಂದು, ಪಠ್ಯಪುಸ್ತಕಗಳಲ್ಲಿದ್ದ ‘ಹೈಪೋ’ ಪದಗಳನ್ನೆಲ್ಲ ಒಂದೊಂದಾಗಿ ಬರೆದು, ತುಂಡು ಮಾಡಿ, ಒಂದೊಂದು ತುಂಡಿನ ಊರು ಹುಡುಕಲು ಕುಳಿತೆ.

ಮೊದಲು ಬಿಡಿಸಿದ್ದು ನನ್ನನ್ನು ಎಡವಿಸಿದ ಪದವನ್ನೇ. ಕೊನೆಯ ‘ಈಮಿಯಾ’ದ ಮೂಲ ಗ್ರೀಕಿನ ‘ಹೈಮಾ’, ಅಂದರೆ ರಕ್ತ. ನಡುವಿನ ‘ಕಲ್’ ಲ್ಯಾಟಿನ್ನಿನ ‘ಕೇಲಿಯಂ’. ಅದು ಬಂದದ್ದು ಗಿಡಗಳನ್ನು ಸುಟ್ಟ ಬೂದಿಯನ್ನು ಸೂಚಿಸುವ ಅರಬ್ಬಿಯ ‘ಅಲ್-ಕಲಿ’ಯಿಂದ. ಇಂಗ್ಲಿಷಿನ ‘ಪೊಟ್ಯಾಷ್’ ಕೂಡ ಬೂದಿಯೇ: ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಮಡಕೆಯಲ್ಲಿ ಕಾಯಿಸಿ ತೆಗೆದ ಉಪ್ಪು. 1807ರಲ್ಲಿ ಹಂಫ್ರಿ ಡೇವಿ ಅದರಿಂದ ಲೋಹವನ್ನು ಬೇರ್ಪಡಿಸಿ ಪೊಟ್ಯಾಸಿಯಂ ಎಂದು ಕರೆದರು. ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವ ಮನೆಯ ಹುಡುಗಿಯರಿಗೆ ಪೊಟ್ಯಾಷ್ ಎಂದರೆ ಗೊಬ್ಬರದ ಚೀಲ; ನನಗೆ ನೆನಪಾದದ್ದು ಒಲೆಯ ಬೂದಿಯಿಂದ ಪಾತ್ರೆ ತಿಕ್ಕುತ್ತಿದ್ದ ನನ್ನ ಅಜ್ಜಿ.

ಮೂರು ತುಂಡುಗಳನ್ನೂ ಬರೆದು ನೋಡುತ್ತಿದ್ದಾಗ ಬೆರಳು ತಾನಾಗಿ ಬಾಲದ ಕಡೆಯಿಂದ ಹಿಂದಕ್ಕೆ ಸರಿಯಿತು. ರಕ್ತದಲ್ಲಿ, ಪೊಟ್ಯಾಸಿಯಂ, ಕಡಿಮೆ. ಅದು ಅಚ್ಚುಕಟ್ಟಾದ ಕನ್ನಡ ವಾಕ್ಯ! ಹೈಪೋಗ್ಲೈಸೀಮಿಯಾ ತೆಗೆದುಕೊಂಡೆ: ರಕ್ತದಲ್ಲಿ, ಸಿಹಿ, ಕಡಿಮೆ. ಹೈಪೋಕ್ಯಾಲ್ಸೀಮಿಯಾ: ರಕ್ತದಲ್ಲಿ, ಸುಣ್ಣ, ಕಡಿಮೆ, ಕ್ಯಾಲ್ಸಿಯಂನ ಹೆಸರಿನೊಳಗೆ ಇರುವ ‘ಕ್ಯಾಲ್ಕ್ಸ್’ ಎಲೆಗೆ ಹಚ್ಚುವ ಸುಣ್ಣವೇ. ಇಂಗ್ಲಿಷ್ ವಿವರಣೆಯಲ್ಲಿ ಮೊದಲು ‘ಕಡಿಮೆ’ ಬಂದು ಕೊನೆಗೆ ‘ರಕ್ತ’ ಬರುತ್ತದೆ. ನಮ್ಮ ನುಡಿಯಲ್ಲಿ ರಕ್ತ ಮೊದಲು, ಕಡಿಮೆ ಕೊನೆಗೆ. ಇಷ್ಟು ವರ್ಷ ಈ ಪದಗಳನ್ನು ನಾನು ತಲೆಯ ಕಡೆಯಿಂದ ಹಿಡಿದು ಎಳೆದಾಡಿದ್ದೆ.

‘ಹೈಪೋ’ದ ಬೇರು ಹುಡುಕಿದಾಗ ಸಿಕ್ಕ ಸಂತೋಷ ಬೇರೆಯೇ. ಗ್ರೀಕಿನ ‘ಹೈಪೋ’, ಲ್ಯಾಟಿನ್ನಿನ ‘ಸಬ್’, ಸಂಸ್ಕೃತದ ‘ಉಪ’ ಒಂದೇ ಮೂಲದ ಮಕ್ಕಳು. ಹಾಗೆಯೇ ‘ಹೈಪರ್’, ‘ಸೂಪರ್’, ‘ಉಪರಿ’. ಉಪನದಿ, ಉಪಕಾಲುವೆ, ಉಪಾಧ್ಯಕ್ಷ ಎಂದು ದಿನವೂ ಬಳಸುವ ನಮಗೆ ‘ಉಪ’ ಎಂದರೆ ಪಕ್ಕದ್ದು, ಕೈಕೆಳಗಿನದು. ಗ್ರೀಕಿನಲ್ಲಿ ಅದು ‘ಕೆಳಗೆ’ ಎಂದು ನೆಲೆಯಾಗಿ, ಅಲ್ಲಿಂದ ‘ಕಡಿಮೆ’ಗೆ ಹರಡಿತು. ‘ಸರ್ವೋಪರಿ’ ಎಂದರೆ ಎಲ್ಲಕ್ಕಿಂತ ಮೇಲೆ ಎಂದು ಬಲ್ಲವರಿಗೆ ಹೈಪರ್ ಯಾವುದು, ಹೈಪೋ ಯಾವುದು ಎಂಬ ಗೊಂದಲ ಇರಬೇಕಾಗಿಲ್ಲ. ಮೈಯ ಬಿಸಿ ಇಳಿಯುವ ಹೈಪೋಥರ್ಮಿಯಾದ ‘ಥರ್ಮ್’ ನಮ್ಮ ‘ಘರ್ಮ’ದ ಬಂಧು, ಘರ್ಮ ಎಂದರೆ ಬಿಸಿ. ಥೈರಾಯ್ಡ್ ಎಂದರೆ ಗುರಾಣಿಯ ಆಕಾರದ್ದು. ಬಾಗಿಲಿನಂತೆ ಉದ್ದವಾದ ಆ ಗುರಾಣಿಯ ಗ್ರೀಕ್ ಹೆಸರಿನಲ್ಲಿರುವ ‘ಥೈರಾ’ ನಮ್ಮ ‘ದ್ವಾರ’ದ ಬಂಧು. ಇದನ್ನು ಓದಿದ ದಿನ ಕೊಠಡಿಯ ಗೆಳತಿಯನ್ನು ಎಬ್ಬಿಸಿ ಹೇಳಿದ್ದೆ.

ಈಗ ನಾನು ಹೊಸಬರಿಗೆ ಕಲಿಸುತ್ತೇನೆ. ಒಮ್ಮೆ ಹೊಳಲ್ಕೆರೆ ಕಡೆಯ ಹುಡುಗಿಯೊಬ್ಬಳು, “ಸಿಸ್ಟರ್, ಹೈಪೋಥಲಾಮಸ್ ಎಂದರೆ ಥಲಾಮಸ್ ಕಡಿಮೆಯಾಗುವ ಕಾಯಿಲೆಯೇ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ, ನನ್ನ ನೋಟ್‌ಬುಕ್ಕಿನ ದೊಡ್ಡ ಕೊರತೆಯನ್ನು ಅವಳು ಹಿಡಿದಿದ್ದಳು. ಈ ಪದದಲ್ಲಿ ‘ಹೈಪೋ’ ಅಳತೆಯಲ್ಲ, ಜಾಗ. ಥಲಾಮಸ್ ಮಿದುಳಿನ ಒಂದು ಭಾಗ, ಆ ಹೆಸರಿನ ಅರ್ಥ ಒಳಕೋಣೆ. ಅದರ ಕೆಳಗಿರುವ ಭಾಗ ಹೈಪೋಥಲಾಮಸ್. ಮಿದುಳಿನಿಂದ ಹೊರಟು ನಾಲಿಗೆಯ ಕೆಳಗೆ ಹಾಯುವ ಹನ್ನೆರಡನೆಯ ನರ ಹೈಪೋಗ್ಲಾಸಲ್. ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗಿನ ಹೊಟ್ಟೆಯ ಭಾಗ ಹೈಪೋಕಾಂಡ್ರಿಯಂ. ಮನಸ್ಸಿನ ಕೊರಗು ಅಲ್ಲಿಯೇ ಹುಟ್ಟುತ್ತದೆ ಎಂದು ಹಿಂದಿನವರು ನಂಬಿದ್ದರಿಂದ, ರೋಗವಿದೆಯೆಂದು ಸದಾ ಕೊರಗುವುದಕ್ಕೆ ಹೈಪೋಕಾಂಡ್ರಿಯಾ ಎಂಬ ಹೆಸರು ಬಂತು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿದೆ: ‘ಕೆಳಗೆ’ ಮತ್ತು ‘ಕಡಿಮೆ’. ಅಂಗದ ಹೆಸರು ಬಂದರೆ ಸಾಮಾನ್ಯವಾಗಿ ಜಾಗ, ಅಳೆಯುವ ವಸ್ತು ಬಂದರೆ ಅಳತೆ. ಹೈಪೋಥೈರಾಯ್ಡಿಸಂ ಈ ನಿಯಮವನ್ನು ಮೀರುತ್ತದೆ: ಥೈರಾಯ್ಡ್ ಅಂಗವೇ ಆದರೂ ಅಲ್ಲಿ ‘ಹೈಪೋ’ ಎಂದರೆ ಕಡಿಮೆ. ಅದರ ಬಾಲದ ‘ಇಸಂ’ ಸ್ಥಿತಿಯನ್ನು ಹೇಳುತ್ತದೆ. ಅಲ್ಲಿಯೂ ಬಾಲವೇ ದಾರಿ ತೋರಿಸುತ್ತದೆ.

ಇನ್ಸುಲಿನ್ ಚುಚ್ಚುವುದನ್ನು ಕಲಿಸುವಾಗ ‘ಸಬ್‌ಕ್ಯುಟೇನಿಯಸ್’, ‘ಹೈಪೋಡರ್ಮಿಕ್’ ಎರಡನ್ನೂ ಒಟ್ಟಿಗೆ ಬರೆಸುತ್ತೇನೆ. ಒಂದು ಲ್ಯಾಟಿನ್, ಒಂದು ಗ್ರೀಕ್. ಎರಡೂ ‘ಚರ್ಮದ ಕೆಳಗೆ’. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಚರ್ಮದಡಿ ಮದ್ದು ಚುಚ್ಚಿದಾಗ ಬಳಸಿದ್ದು ಲ್ಯಾಟಿನ್ ಹೆಸರು. ಗ್ರೀಕ್ ಹೆಸರನ್ನು ಕೆಲವು ವರ್ಷಗಳ ನಂತರ ಚಾರ್ಲ್ಸ್ ಹಂಟರ್ ತಂದರು.

ಆದರೆ ಬೇರು ಗೊತ್ತಾದ ಮಾತ್ರಕ್ಕೆ ಕಿವಿ ಸುಧಾರಿಸುವುದಿಲ್ಲ. ವಾರ್ಡಿನ ಗದ್ದಲದಲ್ಲಿ ಹೈಪೋ, ಹೈಪರ್ ಒಂದೇ ಥರ ಕೇಳಿಸುತ್ತವೆ. ಸಾಲದ್ದಕ್ಕೆ, ‘ಹೈಪೋ’ ಎಂದರೆ ನಮ್ಮಲ್ಲಿ ನೆಲ ಒರೆಸುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವೂ ಹೌದು, ಸಕ್ಕರೆ ಇಳಿದ ರೋಗಿಯೂ ಹೌದು. ಆದ್ದರಿಂದ ಫೋನಿನಲ್ಲಿ ವರದಿ ಕೇಳುವಾಗ ಮತ್ತು ಡ್ಯೂಟಿ ಬದಲಾಗುವಾಗ ಕತ್ತರಿಸಿದ ಪದವನ್ನು ನಾನು ಒಪ್ಪುವುದಿಲ್ಲ. ಸಂಖ್ಯೆ ಹೇಳಬೇಕು, ‘ಕಡಿಮೆ’ ಅಥವಾ ‘ಹೆಚ್ಚು’ ಎಂದು ಕನ್ನಡದಲ್ಲಿ ಹೇಳಬೇಕು, ಕೇಳಿದವರು ಅದನ್ನು ತಿರುಗಿ ಹೇಳಬೇಕು. ಈ ವಿಷಯದಲ್ಲಿ ನಾನು ಕಠಿಣಳು ಎಂದು ಹುಡುಗಿಯರು ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ.

ಕಳೆದ ತಿಂಗಳು ಅದೇ ಹೊಳಲ್ಕೆರೆಯ ಹುಡುಗಿ ರಾತ್ರಿ ಪಾಳಿಯಲ್ಲಿ ಓಡಿ ಬಂದಳು. “ಸಿಸ್ಟರ್, ಹತ್ತನೇ ಹಾಸಿಗೆ. ರಕ್ತದಲ್ಲಿ ಸಕ್ಕರೆ ಕಡಿಮೆ. 52. ಎಚ್ಚರವಾಗಿದ್ದಾರೆ, ನುಂಗಬಲ್ಲರು.” ನಾನು “ಸಕ್ಕರೆ ಕಡಿಮೆ, 52” ಎಂದು ತಿರುಗಿ ಹೇಳಿ ಗ್ಲೂಕೋಸ್ ಡಬ್ಬಿ ತೆಗೆಯಲು ಕೈ ಚಾಚಿದೆ. ಕಲಸಿದ ಲೋಟ ಆಗಲೇ ಅವಳ ಇನ್ನೊಂದು ಕೈಯಲ್ಲಿತ್ತು.