ಅಮೆರಿಕದ ಸಿಪಾಯಿಗಳಿಗೆ ಟೋಪಿ ಹಾಕಿ ಟೋಬಾ ಕದನ ಕಟ್ಟಿದೆ

"ಕತ್ತಿ ಎಲ್ಲಿ?" ನನ್ನ ಡಯೋರಾಮಾ, ಅಂದರೆ ಪುಟ್ಟ ಗೊಂಬೆಗಳಿಂದ ಕಟ್ಟಿದ ಯುದ್ಧದ ದೃಶ್ಯ, ನೋಡಿದವರು ಮೊದಲು ಕೇಳುವುದೇ ಇದನ್ನು. ಸಮುರಾಯ್ ಆಳ್ವಿಕೆಯ ಕೊನೆಯ ಯುದ್ಧ ಅಂದಮೇಲೆ ಕತ್ತಿ ಝಳಪಿಸಬೇಕು ಅಲ್ವಾ? ಕೆಲವರ ಸೊಂಟದಲ್ಲಿದೆ. ಕೈಯಲ್ಲಿರುವುದು ಬಂದೂಕು, ಎರಡೂ ಕಡೆಯವರಿಗೆ.

ನಾನು ಕಟ್ಟಿದ್ದು 1868ರ ಜನವರಿ 27ರ ಸಂಜೆಯನ್ನು. ಜಪಾನಿನ ಕ್ಯೋಟೋದ ದಕ್ಷಿಣಕ್ಕಿರುವ ಟೋಬಾ ರಸ್ತೆ, ಶೋಗನ್ ಅನ್ನೋ ಸೇನಾಧಿಪತಿಯ ಕಡೆಯವರಿಗೂ ಚಕ್ರವರ್ತಿಯ ಕಡೆಯವರಿಗೂ ನಡೆದ ಬೋಶಿನ್ ಯುದ್ಧ ಶುರುವಾದ ಜಾಗ. 1/72 ಸ್ಕೇಲ್ (ನಿಜದ ಎಪ್ಪತ್ತೆರಡರಲ್ಲೊಂದು ಪಾಲು), ಸುಮಾರು ಮೂರಡಿ ಹಲಗೆ, ಎಂಬತ್ತು ಫಿಗರ್.

ಆ ಎಂಬತ್ತು ಫಿಗರ್ ಎಲ್ಲಿಂದ ತರೋದು? ಸಮುರಾಯ್ ಅಂತ ಅಗ್ಗಕ್ಕೆ ಸಿಗುವ ಪೆಟ್ಟಿಗೆಯಲ್ಲೆಲ್ಲ 16ನೇ ಶತಮಾನದ ಕವಚಧಾರಿಗಳು. ಲೋಹದ್ದನ್ನು ಹೊರಗಿಂದ ತರಿಸಿದರೆ ಸುಂಕ ಸೇರಿ ಒಂದಕ್ಕೆ ಮುನ್ನೂರು ಚಿಲ್ಲರೆ. ರೆಸಿನ್‌ನಲ್ಲಿ ನಾನೇ ಎರಕ ಹೊಯ್ಯುತ್ತೇನೆ ಅಂತ ಹೋಗಿ ಹತ್ತಿರ ಹತ್ತಿರ ಆರು ಸಾವಿರ ಕಳಕೊಂಡೆ. ಮಳೆಗಾಲ ಬೇರೆ. ಮುಖದ ತುಂಬ ಗುಳ್ಳೆ, ಇಡೀ ಪಡೆಗೆ ಸಿಡುಬು ಬಂದ ಹಾಗಿತ್ತು. 3ಡಿ ಪ್ರಿಂಟ್ ಮಾಡಿಸಿದರೆ ಬಂದೂಕುಗಳೆಲ್ಲ ನುಗ್ಗೆಕಾಯಿ ಥರ ಡೊಂಕು.

ಕೊನೆಗೆ ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳ ಎರಡು ಪೆಟ್ಟಿಗೆ ತಂದೆ. ಗೆಳೆಯರು ನಕ್ಕರು. "ಅವರಿಗೆ ಟೋಪಿ ಹಾಕಿ, ಆಮೇಲೆ ನಮಗೂ ಹಾಕ್ತೀಯಾ?" ಅಂದ ಒಬ್ಬ.

ನಗಲಿ. ಆ ಯುದ್ಧ 1865ರಲ್ಲಿ ಮುಗಿದಾಗ ಉಳಿದ ಬಂದೂಕುಗಳು ಜಪಾನಿಗೂ ಹೋದವು. 1869ರಲ್ಲಿ ಹಕೋದಾತೆಯಲ್ಲಿ ಕಾದಾಡಿದ ಕೊತೆತ್ಸು ಅನ್ನೋ ಕಬ್ಬಿಣದ ಕವಚದ ಹಡಗು ಕೂಡ ಅಮೆರಿಕದ ದಕ್ಷಿಣದವರಿಗಾಗಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಹಾಗಾಗಿ ಬಂದೂಕು ಮುಟ್ಟಲೇ ಇಲ್ಲ. ಕ್ಯಾಪ್ ಕೆತ್ತಿ ಕಾಗದದ ಚೂಪು ಟೋಪಿ ಅಂಟಿಸಿದೆ. ಬೂಟು ಹೆರೆದು ದಾರ ಸುತ್ತಿ ಹುಲ್ಲಿನ ಚಪ್ಪಲಿ ಮಾಡಿದೆ. ಬಣ್ಣ, ಪುಟ್ಟಿ ಎಲ್ಲ ಸೇರಿ ನಾಲ್ಕು ಸಾವಿರ ದಾಟಲಿಲ್ಲ.

ಇತಿಹಾಸವೂ ದುಡ್ಡು ಉಳಿಸಿಕೊಟ್ಟಿತು. ಶೋಗನ್ ಕಡೆಯವರು ಸುಮಾರು 15,000, ಎದುರು ಪಕ್ಷ 5,000. ಆದರೆ ಟೋಬಾ ರಸ್ತೆಯಲ್ಲಿ ಶೋಗನ್ ಕಡೆಯವರು ಇಕ್ಕಟ್ಟು ಸಾಲಿನಲ್ಲಿ ನಡೆದು ಬಂದರು, ಬಂದೂಕಿಗೆ ಗುಂಡೂ ತುಂಬದೆ. ಅಂದರೆ ನನಗೆ ಹೆಗಲ ಮೇಲೆ ಬಂದೂಕಿಟ್ಟ ಒಂದೇ ಭಂಗಿ ಸಾಕು, ಐವತ್ತೈದು ಸಲ! ತಲೆ ಕೆಡಿಸಿಕೊಂಡದ್ದೆಲ್ಲ ಎದುರು ಪಕ್ಷದ ಸಾತ್ಸುಮಾ ಪ್ರಾಂತ್ಯದವರಿಗೆ. ರಸ್ತೆಯ ಇಕ್ಕೆಲದಲ್ಲಿ ಮಂಡಿಯೂರಿ, ಮಲಗಿ ಕಾಯುತ್ತಿರುವವರು ಅವರು. ಗದ್ದೆಯ ಕೂಳೆ ಹಳೇ ಪೊರಕೆಯದು. ಮುಸ್ಸಂಜೆಯ ಬಣ್ಣ ಹೇಗೆ ಬಂತು ಅಂತ ಮಾತ್ರ ಕೇಳಬೇಡಿ.

ಒಂದು ಕಡೆ ಸರಿಯಾಗಿ ಎಡವಿದೆ. ಚಿತ್ರಗಳಲ್ಲಿ ಕಾಣುವ ಕೆಂಪು ಕೂದಲಿನ ತಲೆಯುಡುಗೆ ನನಗೆ ಬಹಳ ಇಷ್ಟ. ಸೆಣಬಿಗೆ ಬಣ್ಣ ಹಾಕಿ ಹನ್ನೆರಡು ಜನಕ್ಕೆ ತೊಡಿಸಿದೆ, ಎರಡು ಭಾನುವಾರ ಹೋಯಿತು. ಆಮೇಲೆ ಓದಿದರೆ ಆ ಚಮರೀಮೃಗದ (ಯಾಕ್) ಕೂದಲು ಸಿಕ್ಕಿದ್ದೇ ಶೋಗನ್‌ನ ಎಡೋ (ಇಂದಿನ ಟೋಕಿಯೋ) ಕೋಟೆ ಕೈವಶವಾದ ಮೇಲೆ. ಟೋಬಾ ಮುಗಿದು ತಿಂಗಳುಗಳಾಗಿತ್ತು! ಅವರೆಲ್ಲ ಈಗ ಡಬ್ಬಿಯಲ್ಲಿದ್ದಾರೆ. ಜುಲೈನಲ್ಲಿ ಎಡೋದಲ್ಲೇ ನಡೆದ ಉಎನೋ ಕದನ ಮಾಡುವಾಗ ಹೊರಗೆ ಬರುತ್ತಾರೆ.

ಬಾವುಟದ ಕಥೆಯೂ ಅದೇ. ಚಕ್ರವರ್ತಿಯ ಹೆಸರಿನ ಕೆಂಪು ಜರಿ ಬಾವುಟ ಕಂಡದ್ದೇ ಶೋಗನ್ ಪಾಳೆಯದವರ ಕೈಕಾಲು ತಣ್ಣಗಾದವು. ಯೋದೋ ಕೋಟೆಯವರು ತಮ್ಮವರಿಗೇ ಬಾಗಿಲು ತೆರೆಯಲಿಲ್ಲ. ಒಸಾಕಾದಲ್ಲಿದ್ದ ಮಾಜಿ ಶೋಗನ್ ಯೋಶಿನೋಬು ರಾತ್ರೋರಾತ್ರಿ ಹಡಗು ಹತ್ತಿ ಎಡೋಗೆ ಜಾಗ ಖಾಲಿ ಮಾಡಿದ. ಇಂಥ ಬಾವುಟ ಬಿಡೋಕಾಗುತ್ತಾ? ಹೆಂಡತಿಯ ಹಳೇ ರೇಷ್ಮೆ ಸೀರೆಯ ಅಂಚಿನಿಂದ ಉಗುರಗಲ ಕತ್ತರಿಸಿದೆ. ಸೂರ್ಯ, ಚಂದ್ರ ಸೊಗಸಾಗಿ ಕೂತವು. ಆದರೆ ಮೊದಲ ಸಂಜೆ ಅದು ಎದ್ದೇ ಇರಲಿಲ್ಲ, ತೆಗೆದೆ. ಸೀರೆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಟೋಪಿ ಜೋಕು ಹೊಡೆದಿದ್ದ ಗೆಳೆಯ ಮೊನ್ನೆ ತಾನೂ ಎರಡು ಪೆಟ್ಟಿಗೆ ತಂದು ಫೋನ್ ಮಾಡಿದ್ದ. ತೋಳು ಮುರಿಯದ ಹಾಗೆ ಬಗ್ಗಿಸೋದು ಹೇಗೆ ಅಂತ. ಬಿಸಿನೀರು ಅಂದೆ. ಬರೀ ಬಿಸಿನೀರಲ್ಲ, ಆದರೆ ಅಷ್ಟೇ ಹೇಳಿದೆ.