ಡೇರೆ ಗಡ್ಡೆ ಬಿಡಿಸೋದು, ಕುಡಿ ಮುರಿದು ಗಿಡ ಮಾಡೋದು

ಡೇರೆ (ಡೇಲಿಯಾ ಹೂವಿನ ಗಿಡ) ಗಡ್ಡೆ ತಂದು ನೆಟ್ಟು ತಿಂಗಳಾಯ್ತು, ಮೊಳಕೇನೇ ಬಂದಿಲ್ಲ, ಅಗೆದು ನೋಡಿದ್ರೆ ಗಡ್ಡೆ ಗಟ್ಟಿಯಾಗೇ ಇದೆ ಅನ್ನೋ ಮಾತು ಮಲೆನಾಡಲ್ಲಿ ಪ್ರತೀ ಮಳೆಗಾಲ ಕೇಳಿಬರುತ್ತೆ. ಗೊಬ್ಬರ ಸಾಲಲಿಲ್ಲ, ಮಣ್ಣು ಒಗ್ಗಲಿಲ್ಲ ಅಂತೆಲ್ಲ ಹೇಳ್ತಾರೆ, ಆದ್ರೆ ಹೆಚ್ಚಿನ ಸಲ ಆಗಿರೋದು ಇಷ್ಟೇ, ಗಡ್ಡೆ ಬಿಡಿಸಿ ಬೇರೆ ಮಾಡುವಾಗ ಕಣ್ಣು, ಅಂದ್ರೆ ಚಿಗುರು ಏಳೋ ಮೊಗ್ಗು, ತಾಯಿ ಬುಡದಲ್ಲೇ ಉಳಿದುಬಿಟ್ಟಿರುತ್ತೆ.

ಆಲೂಗಡ್ಡೆಗೆ ಮೈತುಂಬ ಕಣ್ಣು, ಎಲ್ಲಿ ಕೊಯ್ದ್ರೂ ಒಂದಾದ್ರೂ ಸಿಗುತ್ತೆ. ಡೇರೆದು ಹಾಗಲ್ಲ. ನಾವು ಗಡ್ಡೆ ಅಂತ ಕರಿಯೋದು ಊದಿಕೊಂಡ ಬೇರು, ಅದ್ರಲ್ಲಿ ನೀರು ಮತ್ತೆ ಆಹಾರ ಮಾತ್ರ ಇರೋದು, ಚಿಗುರೋ ಶಕ್ತಿ ಇಲ್ಲ. ಚಿಗುರು ಬರೋದು ಹಳೇ ಕಾಂಡದ ಬುಡದಿಂದ, ಗಡ್ಡೆಯ ಕತ್ತು ಕಾಂಡಕ್ಕೆ ಸೇರೋ ಜಾಗ ಇದೆಯಲ್ಲ, ಸರಿಯಾಗಿ ಅಲ್ಲಿಂದ. ಅದಕ್ಕೇ ಗಡ್ಡೆ ಎಷ್ಟು ದಪ್ಪ ಇದ್ರೂ ತುದಿಯಲ್ಲಿ ಕಾಂಡದ ಚೂರು ಇಲ್ಲ ಅಂದ್ರೆ ಹುಟ್ಟೋದಿಲ್ಲ, ಹೆಬ್ಬೆರಳು ಗಾತ್ರದ ಸಣ್ಣ ಗಡ್ಡೆಗೆ ಒಂದು ಕಣ್ಣು ಅಂಟಿಕೊಂಡು ಬಂದಿದ್ರೆ ಅದೇ ಚೌತಿ ಹೊತ್ತಿಗೆ ಹೂ ಕೊಡುತ್ತೆ.

ಯಾವಾಗ ಬಿಡಿಸ್ಬೇಕು ಅನ್ನೋದಕ್ಕೆ ಗಿಡದ ಮೂಲ ನೋಡಿ. ಇದು ಮೆಕ್ಸಿಕೋದ ಬೆಟ್ಟ ಪ್ರದೇಶದ ಗಿಡ, ಅಲ್ಲೂ ಜೂನಿಂದ ಮಳೆ, ಆಮೇಲೆ ಒಣ ಚಳಿಗಾಲ. ಹಗಲು ಕಮ್ಮಿ ಆಗ್ತಾ ಬಂದ ಹಾಗೆ ಗಿಡ ಆಹಾರನೆಲ್ಲ ಬೇರಿಗೆ ಇಳಿಸಿ ಗಡ್ಡೆ ಕಟ್ಟುತ್ತೆ. ಹಾಗಾಗಿ ಹೂ ಮುಗೀತು ಅಂತ ಹಸಿರಿರೋ ಗಿಡ ಕೀಳ್ಬೇಡಿ, ತಾನಾಗೇ ಒಣಗೋಕೆ ಬಿಡಿ. ಡಿಸೆಂಬರ್ ಹೊತ್ತಿಗೆ ಕಾಂಡನ ನಾಲ್ಕು ಇಂಚು ಬಿಟ್ಟು ಕೊಯ್ದು, ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಸಡಿಲ ಮಾಡಿ, ಕೆಳಗಿಂದ ಎತ್ತಿ. ಕಾಂಡ ಹಿಡಿದು ಮಾತ್ರ ಎಳೀಬೇಡಿ, ಕತ್ತು ಮುರಿಯೋದೇ ಅಲ್ಲಿ, ಮುರಿದ್ರೆ ಮೇಲೆ ಚೆನ್ನಾಗಿ ಕಂಡ್ರೂ ಆ ಗಡ್ಡೆ ಕೆಲಸಕ್ಕೆ ಬರಲ್ಲ.

ಕಿತ್ತ ತಕ್ಷಣ ಬಿಡಿಸೋರೂ ಇದ್ದಾರೆ, ಆದ್ರೆ ಆವಾಗ ಕಣ್ಣು ಕಾಣೋದೇ ಕಷ್ಟ. ಹೊಸಬರು ಇಡೀ ಬುಡನೇ ಎರಡು ದಿನ ನೆರಳಲ್ಲಿ ಆರಿಸಿ, ಒಣ ಮರಳಲ್ಲೋ ಮರದ ಹುಡಿಯಲ್ಲೋ ಮುಚ್ಚಿ, ಹೆಗ್ಗಣ ಬರದ ಜಾಗದಲ್ಲಿ ಇಟ್ಬಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಕೊಳೆತಿದ್ದನ್ನ ಕೊಯ್ದು ಬಿಸಾಕಿ, ತೀರಾ ಸುಕ್ಕಾಗ್ತಿದ್ರೆ ಮರಳಿಗೆ ಸ್ವಲ್ಪ ನೀರು ಚಿಮುಕಿಸಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡೋದು ಬೇಡವೇ ಬೇಡ, ಒಳಗೆ ಬೆವರಿ ಕೊಳೆಯುತ್ತೆ.

ಮೇ ತಿಂಗಳಲ್ಲಿ ಒಂದೆರಡು ವಾರ ಆ ಮರಳನ್ನ ತೇವ ಇಟ್ರೆ ಕಾಂಡದ ಬುಡದ ಸುತ್ತ ಕೆಂಪಗೋ ಹಸಿರಾಗೋ ಗುಂಡುಸೂಜಿ ತಲೆಯಷ್ಟು ಉಬ್ಬು ಬರುತ್ತೆ. ಅದೇ ಕಣ್ಣು, ಕಂಡ್ಮೇಲೆ ಬಿಡಿಸೋದು ಸುಲಭ. ಹರಿತ ಚಾಕು ತಗೊಳ್ಳಿ, ಮೊದ್ಲು ಹಳೇ ಕಾಂಡದ ನಡುವೆ ಇಳಿಸಿ ಬುಡನ ಎರಡು ಹೋಳು ಮಾಡಿ, ಆಗ ಒಳಗೆ ಯಾವ ಗಡ್ಡೆ ಎಲ್ಲಿ ಸೇರಿದೆ ಅಂತ ಗೊತ್ತಾಗುತ್ತೆ. ಆಮೇಲೆ ಒಂದೊಂದೇ ಗಡ್ಡೆನ ಅದರ ಕತ್ತು, ಒಂದು ಕಣ್ಣು, ಕಾಂಡದ ಒಂದು ಚೂರು ಮೂರೂ ಸೇರಿ ಬರೋ ಹಾಗೆ ಕೊಯ್ಯಿರಿ. ಬೇರೆ ಮಾಡೋಕೆ ಆಗದಷ್ಟು ಅಂಟಿಕೊಂಡಿದ್ರೆ ಎರಡು ಮೂರು ಗಡ್ಡೆ ಒಟ್ಟಿಗೇ ಇರ್ಲಿ, ಆಸೆಗೆ ಬಿದ್ದು ಸಣ್ಣ ಚೂರು ಮಾಡಿದ್ರೆ ಎಲ್ಲಾ ಹೋಗುತ್ತೆ. ಕೊಯ್ದ ಜಾಗಕ್ಕೆ ಬೂದಿ ಸವರಿ ಒಂದು ದಿನ ನೆರಳಲ್ಲಿ ಒಣಗಿಸಿ.

ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಹೋದ ವರ್ಷ ಎಲೆ ಹಳದಿ ಹಸಿರು ಮಚ್ಚೆಯಾಗಿ ಮುದುಡಿ ಗಿಡ ಗಿಡ್ಡಗೇ ಉಳಿದಿದ್ರೆ ಅದು ಮೊಸಾಯಿಕ್ ವೈರಸ್ ಇರಬಹುದು, ಅದು ಗಡ್ಡೆಲೂ ಇರುತ್ತೆ, ಕುಡಿಲೂ ಇರುತ್ತೆ, ಔಷಧಿ ಹೊಡೆದ್ರೆ ಹೋಗಲ್ಲ. ಎಷ್ಟು ಚಂದದ ಬಣ್ಣ ಆಗಿದ್ರೂ ಅಂಥ ಬುಡನ ಬಿಡಿಸಿ ನಾಲ್ಕು ಮನೆಗೆ ಹಂಚಬೇಡಿ, ಸುಟ್ಟುಹಾಕಿ. ಒಂದು ಬುಡ ಮುಗಿಸಿ ಇನ್ನೊಂದು ಮುಟ್ಟೋ ಮುಂಚೆ ಚಾಕು ಸೋಪು ನೀರಲ್ಲಿ ತೊಳೆದು ಸ್ಪಿರಿಟ್ಟಲ್ಲಿ ಒರೆಸಿ.

ನೆಡೋದು ಮೊದಲ ಮಳೆಗೆ ಸ್ವಲ್ಪ ಮುಂಚೆ. ನಮ್ಮ ಕಡೆ ಮಳೆಗೆ ನೀರು ನಿಲ್ಲೋದೇ ದೊಡ್ಡ ಶತ್ರು, ಅದಕ್ಕೆ ಅರ್ಧ ಅಡಿಯಾದ್ರೂ ಏರು ಮಾಡಿ. ಕೋಲು ಊರಬೇಕಿದ್ರೆ ಗಡ್ಡೆ ಇಡೋಕೆ ಮೊದಲೇ ಊರಿ, ಆಮೇಲೆ ಊರಿದ್ರೆ ಗಡ್ಡೆಗೇ ಚುಚ್ಚುತ್ತೆ. ಗಡ್ಡೆ ಅಡ್ಡ ಮಲಗಿಸಿ, ಕಣ್ಣು ಮೇಲೆ ಮಾಡಿ, ನಾಲ್ಕು ಇಂಚು ಮಣ್ಣು ಮುಚ್ಚಿ, ಗಿಡದಿಂದ ಗಿಡಕ್ಕೆ ಎರಡಡಿ ಬಿಡಿ. ಮಣ್ಣು ತೇವ ಇದ್ರೆ ಚಿಗುರು ಕಾಣೋವರೆಗೂ ನೀರು ಹಾಕೋದು ಬೇಡ.

ಇನ್ನು ಕುಡಿ ವಿಷ್ಯ. ನನ್ನ ಪ್ರಕಾರ ಒಳ್ಳೇ ಬಣ್ಣ ಒಂದೇ ಗಡ್ಡೆ ಸಿಕ್ಕಿದಾಗ ಬಿಡಿಸೋದಕ್ಕಿಂತ ಇದೇ ವಾಸಿ. ಗಡ್ಡೆನ ಕತ್ತು ಮೇಲೆ ಕಾಣೋ ಹಾಗೆ ಕುಂಡದಲ್ಲಿ ಇಟ್ಟು ಚಿಗುರೋಕೆ ಬಿಡಿ, ಚಿಗುರು ಮೂರು ನಾಲ್ಕು ಇಂಚು ಆದಾಗ ಗೆಣ್ಣಿನ ಕೆಳಗೆ ಕೊಯ್ದು, ಕೆಳಗಿನ ಎಲೆ ತೆಗೆದು, ಮರಳು ಮತ್ತೆ ತೆಂಗಿನ ನಾರಿನ ಪುಡಿ ಸಮಸಮ ಹಾಕಿದ ಕೊಟ್ಟೆಗೆ (ಗಿಡ ಬೆಳೆಸೋ ಸಣ್ಣ ಚೀಲಕ್ಕೆ) ಊರಿ. ಬುಡದಲ್ಲಿ ಒಂದು ಜೋಡಿ ಎಲೆ ಬಿಟ್ಟು ಕೊಯ್ದ್ರೆ ಅಲ್ಲಿಂದ ಮತ್ತೆರಡು ಕುಡಿ ಬರುತ್ತೆ, ಹೀಗೇ ಒಂದು ಗಡ್ಡೆಯಿಂದ ಸುಮಾರು ಗಿಡ ಆಗುತ್ತೆ. ಕೊಯ್ದಾಗ ಒಳಗೆ ಟೊಳ್ಳು ಕಂಡ್ರೆ ಆ ಕುಡಿ ಬಿಡಿ, ಬೇರು ಬಿಡೋದು ಕಮ್ಮಿ. ನೆರಳಲ್ಲಿ ತೇವ ಆರದ ಹಾಗೆ ನೋಡ್ಕೊಂಡ್ರೆ ಎರಡು ಮೂರು ವಾರಕ್ಕೆ ಬೇರು ಬರುತ್ತೆ, ಅದೇ ವರ್ಷ ಹೂನೂ ಬಿಡುತ್ತೆ ಕೆಳಗೆ ಗಡ್ಡೆನೂ ಕಟ್ಟುತ್ತೆ.

ಬೀಜ ಹಾಕಿದ್ರೆ ಆಗಲ್ವಾ ಅಂತ ಕೇಳ್ತಾರೆ. ಗಿಡ ಆಗುತ್ತೆ, ಆದ್ರೆ ತಾಯಿ ಬಣ್ಣ ಬರಲ್ಲ, ಬಂದದ್ದು ಬರಲಿ ಅನ್ನೋರು ಹಾಕಬಹುದು.

ಸೇವಂತಿಗೆಗೆ ಇಷ್ಟೆಲ್ಲ ತಲೆಬಿಸಿ ಇಲ್ಲ, ಹೂ ಮುಗಿದ ಮೇಲೆ ಗೇಣುದ್ದ ಬಿಟ್ಟು ಕೊಯ್ದ್ರೆ ಬುಡದಲ್ಲಿ ಮರಿ ಏಳುತ್ತೆ, ಬೇರು ಸಮೇತ ಬಿಡಿಸಿ ನೆಟ್ರಾಯ್ತು. ಸುಗಂಧರಾಜದಲ್ಲಿ ಹೂ ಬಿಟ್ಟ ಗಡ್ಡೆ ಮತ್ತೆ ಹೂ ಬಿಡಲ್ಲ, ಪಕ್ಕದ ಮರಿಗಡ್ಡೆಗಳಲ್ಲಿ ದಪ್ಪನೆಯದ್ದು ಆರಿಸಿ ನೆಡಿ.

ಡೇರೆಗೆ ಚೀಟಿ ಕಟ್ಟೋದು ಹೂ ಇರೋವಾಗ್ಲೇ ಮಾಡಿ, ಒಣಗಿದ ಮೇಲೆ ಕೆಂಪು ಯಾವ್ದು ಹಳದಿ ಯಾವ್ದು ಯಾರಿಗೂ ಗೊತ್ತಾಗಲ್ಲ. ಮಳೇಲಿ ಪೇಪರ್ ನಿಲ್ಲಲ್ಲ, ಹಳೇ ಪ್ಲಾಸ್ಟಿಕ್ ಡಬ್ಬದ ಚೂರಿನ ಮೇಲೆ ಪೆನ್ಸಿಲ್ಲಲ್ಲಿ ಬರೆದು ಬುಡದ ಕಾಂಡಕ್ಕೆ ಕಟ್ಟಿ, ಗಡ್ಡೆ ಕಿತ್ತಾಗ ಅದೂ ಜೊತೇಲೇ ಬರುತ್ತೆ.